ಹಸಿರು ಸೀರೆಗೆ ತಿರುಗಿದ ಹಡಗು

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತ್ತು. ಸುಗ್ಗಿಯ ಭತ್ತವೆಲ್ಲ ಗಿರಣಿಯಿಂದ ಹೊರಬಿದ್ದು ನನಗೆ ಒಂದಿಷ್ಟು ಬಿಡುವಾಗಿತ್ತು. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ನಾನು ಅಂಥ ಬಿಡುವಿನಲ್ಲಿ ಹೆಚ್ಚೆಂದರೆ ಶ್ರೀಶೈಲಕ್ಕೆ ಹೋಗಿಬರುವವನು. ಈ ಸಲ ಹೋದದ್ದು ಸಮುದ್ರಕ್ಕೆ. ಅದೂ ನನ್ನ ಆಸೆಯಿಂದಲ್ಲ. ಸೋದರತ್ತೆ ನೀಲಮ್ಮನವರು ಮಸರಕಲ್ಲಿನಿಂದ ಫೋನು ಮಾಡಿ, "ಅಮರೇಶಾ, ನನ್ನ ಮೊಮ್ಮಗಳನ್ನ ಆ ಹಡಗದಿಂದ ಇಳಿಸಿಕೊಂಡು ಬರಬೇಕಾಗ್ಯದ. ನೀ ಬರ್ತೀಯೋ, ನಾ ಒಬ್ಬಾಕಿನ ಹೋಗ್ಲ್ಯೋ?" ಎಂದು ಕೇಳಿದರು. ಎಪ್ಪತ್ತು ದಾಟಿದ ಹೆಂಗಸು ಹಾಗೆ ಕೇಳಿದರೆ ಇಲ್ಲ ಅನ್ನಲು ಬಾಯಿ ಎಲ್ಲಿ ಬರುತ್ತದೆ?

ಮೊಮ್ಮಗಳ ಹೆಸರು ಲೀಲಾ. ಅಪ್ಪ ಅವ್ವ ರಾಯಚೂರಿನಲ್ಲಿ ಖಾನಾವಳಿ ನಡೆಸುತ್ತ ಬಿಡುವಿಲ್ಲದೆ ಇದ್ದುದರಿಂದ ಹುಡುಗಿ ಬೆಳೆದದ್ದೆಲ್ಲ ಮಸರಕಲ್ಲಿನಲ್ಲಿ, ಅಜ್ಜಿಯ ಕೈಯಲ್ಲಿ. ಈಗ ಅವಳಿಗೆ ಮುಂಬೈ ಗೋವಾ ನಡುವೆ ಮಂದಿಯನ್ನು ಹೊತ್ತು ಓಡಾಡುವ ದೊಡ್ಡ ಹಡಗೊಂದರಲ್ಲಿ ಕೆಲಸ. ಹಗ್ಗ ಕಟ್ಟುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು, ಸರದಿ ಬಂದಾಗ ಮೇಲೆ ನಿಂತು ನೀರಿನ ಮೇಲೆ ಕಣ್ಣಿಟ್ಟು ಕಾವಲು ಕಾಯುವುದು. ಹೆಣ್ಣುಮಕ್ಕಳು ಆ ಕೆಲಸಕ್ಕೆ ಹೋಗುವುದೇ ಕಡಿಮೆ. ಊರಿನ ಬಾಯಿಗೆ ಅತ್ತೆ ಹೆದರುವವರಲ್ಲ. ಅವರು ಹೆದರುತ್ತಿದ್ದದ್ದು ನೀರಿಗೆ. ಬಹಳ ವರ್ಷದ ಹಿಂದೆ ಅತ್ತೆಯ ಗಂಡ ಕೃಷ್ಣೆಯ ಆಚೆ ದಂಡೆಯಿಂದ ಬಿದಿರಿನ ಹರಗೋಲಿನಲ್ಲಿ ಬರುವಾಗ ಹೊಳೆಗೆ ಬಿದ್ದು ಹೋದರು. ಅಂದಿನಿಂದ ಆ ಮನೆಯವರು ಯಾರೂ ನೀರಿನ ಮೇಲೆ ಕಾಲಿಟ್ಟಿದ್ದಿಲ್ಲ. ಇಟ್ಟವಳು ಲೀಲಾ ಒಬ್ಬಳೇ. ಅಜ್ಜಿ ಎಷ್ಟು ಬೈದರೂ ಜಗ್ಗದ ಹುಡುಗಿ ಕೊನೆಗೆ ಮಾತು ಕೊಟ್ಟಿದ್ದಳು: "ಯವ್ವಾ, ಒಂದು ಸಲ ಬಂದು ನನ್ನ ಕೆಲಸ ನೋಡು. ನೋಡಿದ ಮ್ಯಾಲೂ ಬ್ಯಾಡ ಅಂದ್ರ ಗೋವಾದಾಗ ಚೀಲ ತಗೊಂಡು ನಿನ್ನ ಕೂಡಾನ ಇಳೀತೀನಿ."

ಮಾತು ಅಂದರೆ ಮಾತು. ಅತ್ತೆ ದೇವದುರ್ಗದ ಕಡೆಯಿಂದ ಬರುವ ಬಸ್ಸು ಹತ್ತಿ ರಾಯಚೂರಿಗೆ ಬಂದಿಳಿದರು. ಹೆಂಗಸರಿಗೆ ಬಸ್ಸು ಪುಕ್ಕಟೆ. ನಾನು ಮಾತ್ರ ಮಾನ್ವಿಯಿಂದ ರೊಕ್ಕ ಕೊಟ್ಟು ಟಿಕೆಟ್ ಹರಿಸಿಕೊಂಡು ನಿಂತುಕೊಂಡೇ ಬಂದಿದ್ದೆ. "ಗಂಡಸಾಗಿ ಹುಟ್ಟಿದ್ದಕ್ಕ ದಂಡ ಕಟ್ಟೀಯಲ್ಲಲೇ" ಎಂದು ಅತ್ತೆ ಬಸ್‌ಸ್ಟ್ಯಾಂಡಿನಲ್ಲೇ ನನ್ನ ಕಾಲೆಳೆದರು. ಅವರ ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಇನ್ನೊಂದನ್ನು ನನ್ನ ಕೈಗೆ ಕೊಡಲಿಲ್ಲ. ಅದರಲ್ಲಿ ಬಂಗಾರ ಇದೆಯೇ ಎಂದು ಕೇಳಿದ್ದಕ್ಕೆ "ನಿನಗ್ಯಾಕ ಬೇಕು ಅದು?" ಎಂದು ಗದರಿದರು.

ಮುಂಬೈ ರೈಲಿಗೆ ಸ್ಲೀಪರ್ ಟಿಕೆಟ್ ತಲೆಗೆ ನಾನೂರರ ಆಸುಪಾಸು. ರಾಯಚೂರು ಬಿಟ್ಟು ಸ್ವಲ್ಪ ಹೊತ್ತಿಗೆ ಕೃಷ್ಣಾ ಸೇತುವೆ ಬಂತು. ಡಬ್ಬಿಯಲ್ಲಿದ್ದವರೆಲ್ಲ ಕಿಟಕಿಯಿಂದ ನಾಣ್ಯ ಒಗೆದು ಕೈಮುಗಿದರು. ಎದುರಿಗೆ ಕೂತಿದ್ದ ಗಿಲ್ಲೆಸುಗೂರಿನ ಹೆಣ್ಣುಮಗಳೊಬ್ಬಳು ತಮ್ಮೂರಿನ ಹೆಂಗಸರೆಲ್ಲ ಕೂಡಿ ಹೊಳೆಗೆ ಉಡಿ ತುಂಬಿ ಬಂದದ್ದನ್ನು ಹೇಳತೊಡಗಿದಳು. ನಮ್ಮ ಕಡೆ ಹೊಳೆ ಅಂದರೆ ಗಂಗವ್ವ, ಮನೆಮಗಳು. ಸೀರೆ, ಖಣ, ಹಸಿರು ಬಳೆ, ತೆಂಗಿನಕಾಯಿ ಕಟ್ಟಿ ಅವಳ ಉಡಿಗೆ ಹಾಕುತ್ತಾರೆ, ಅಂದರೆ ನೀರಿಗೆ ಬಿಡುತ್ತಾರೆ. ಗಂಡನಿರುವ ಮುತ್ತೈದೆಯರೇ ಮಾಡಬೇಕು ಎಂಬುದು ರೂಢಿ. ಅತ್ತೆ ಸೇತುವೆ ದಾಟುವವರೆಗೂ ಕಣ್ಣು ಮುಚ್ಚಿಕೊಂಡಿದ್ದರು. ಸೇತುವೆ ಮುಗಿದ ಮೇಲೆ "ನನ್ನ ಕೈಲೆ ಯಾರೂ ಆ ಕೆಲಸ ಮಾಡಸಲಿಲ್ಲ ನೋಡವ್ವ" ಎಂದಷ್ಟೇ ಹೇಳಿ ರೊಟ್ಟಿಯ ಗಂಟು ಬಿಚ್ಚಿದರು.

ಮುಂಬೈಯಲ್ಲಿ ಟ್ಯಾಕ್ಸಿಯವನು ಬಂದರಿನ ಗೇಟಿಗೆ ಬಿಟ್ಟ. ಬೆವರು ಇಳಿಯುತ್ತಿತ್ತು, ನಮ್ಮೂರಿನ ಒಣ ಬಿಸಿಲಲ್ಲ ಅದು, ಅಂಗಿ ಮೈಗೆ ಅಂಟಿಬಿಟ್ಟಿತು. ಪೊಲೀಸರು ಚೀಲಗಳನ್ನು ಯಂತ್ರದೊಳಗೆ ಹಾಯಿಸಿ ನೋಡಿದರು. ರೊಟ್ಟಿ ಚಟ್ನಿಗೆ ಏನೂ ಅನ್ನಲಿಲ್ಲ. ಶೆಡ್ಡು ದಾಟಿ ಹೊರಗೆ ಬಂದಾಗ ಎದುರಿಗೆ ಒಂದು ಬಿಳಿ ಗೋಡೆ. ಕತ್ತು ಎತ್ತಿದಷ್ಟೂ ಗೋಡೆ, ಅದರ ತುಂಬ ಕಿಟಕಿ. ಇದರ ಹಿಂದೆ ಹಡಗು ಇರಬೇಕು ಅಂದುಕೊಂಡು ನಾನು ಸುತ್ತ ಹಾದಿ ಹುಡುಕುತ್ತಿದ್ದೆ. ಆ ಗೋಡೆಯೇ ಹಡಗು ಮಾರಾಯರೆ! ನಮ್ಮ ಗಿರಣಿಯ ಚಿಮಣಿ ಅದರ ನಡುವಿಗೆ ಬಂದರೆ ಹೆಚ್ಚು. ಅತ್ತೆ ಸೆರಗು ಬಾಯಿಗೆ ಹಿಡಿದು, "ಶಿವನೇ, ಇದು ತೇಲ್ತದಂತೇನೋ?" ಎಂದರು. ನನಗೂ ನಂಬಿಕೆ ಇರಲಿಲ್ಲ.

ಲೀಲಾ ಅಂಗಿ ಪ್ಯಾಂಟು ಒಂದಾದ ಕಿತ್ತಳೆ ಬಣ್ಣದ ಡಾಂಗ್ರಿ ಹಾಕಿ, ತಲೆಗೆ ಹೆಲ್ಮೆಟ್ ಇಟ್ಟು, ಕೈಗೆ ಗ್ರೀಸು ಬಳಿದುಕೊಂಡು ಏಣಿಯ ಬುಡದಲ್ಲಿ ನಿಂತಿದ್ದಳು. "ಬರ್ರಿ ಮಾಮಾ" ಎಂದು ನನಗೆ ನಮಸ್ಕಾರ ಮಾಡಿ, ಅಜ್ಜಿಯನ್ನು ಅಪ್ಪಿಕೊಳ್ಳಲು ಹೋಗಿ, ಗ್ರೀಸು ನೆನಪಾಗಿ ತಡೆದಳು. ಅತ್ತೆ ತಾವೇ ಅಪ್ಪಿಕೊಂಡು, "ಏನ್ ವೇಷ ಇದು, ಗೌಂಡಿ ಆಗೀಯೇನು?" ಎಂದು ಅತ್ತರು. ನಮಗೆ ಕೊಟ್ಟದ್ದು ಎರಡು ಹಾಸಿಗೆಯ ಸಣ್ಣ ಕೋಣೆ. ಕೆಲಸಗಾರರ ಮನೆಯವರೆಂದು ರಿಯಾಯಿತಿ ಕಳೆದರೂ ತಲೆಗೆ ಮೂರು ಸಾವಿರ, ಊಟ ಅದರಲ್ಲೇ ಬಂತು. ಅತ್ತೆ ಅಲ್ಲೇ ಕೂತು ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು, "ತೋರಿಸು ನಡಿ ನಿನ್ನ ಕೆಲಸ" ಎಂದು ಎದ್ದರು.

ಅಪ್ಪಣೆ ತೆಗೆದುಕೊಂಡು ಲೀಲಾ ನಮ್ಮನ್ನು ಪ್ರಯಾಣಿಕರು ನೋಡದ ಹಡಗಿಗೆ ಇಳಿಸಿದಳು. ಮೇಲೆ ರತ್ನಗಂಬಳಿ, ದೀಪ, ಹಾಡು. ಕೆಳಗೆ ಬೆತ್ತಲೆ ಕಬ್ಬಿಣ, ಮತ್ತು ಓಡುತ್ತಲೇ ಇರುವ ಮಂದಿ. ಆ ಬೆಳಿಗ್ಗೆ ಇಳಿದವರ ಚಾದರಗಳೆಲ್ಲ ಗುಡ್ಡೆಯಾಗಿ ಬಿದ್ದು ಒಂದು ಬಾಗಿಲಿನಿಂದ ಹೊರಗೆ ಹೋಗುತ್ತಿದ್ದವು, ಇನ್ನೊಂದು ಬಾಗಿಲಿನಿಂದ ತರಕಾರಿ, ಹಾಲು, ಅಕ್ಕಿ ಒಳಗೆ ಬರುತ್ತಿದ್ದವು. ಸಂಜೆಯೊಳಗೆ ಇಡೀ ಹಡಗು ಮದುವೆಮನೆಯ ಹಾಗೆ ಸಿದ್ಧವಾಗಬೇಕು, ನಾಳೆ ಗೋವಾದಲ್ಲಿ ಮತ್ತೆ ಅದೇ. ಅಡಿಗೆಮನೆಯಲ್ಲಿ ಆಳುದ್ದದ ಸ್ಟೀಲಿನ ಹಂಡೆಗಳಲ್ಲಿ ಉಗಿಯಿಂದಲೇ ಅನ್ನ ಬೇಯುತ್ತಿತ್ತು, ಬೆಂಕಿಯೇ ಇಲ್ಲ. ನಾನು ಸುಮ್ಮನಿರದೆ ನಾಲ್ಕು ಅಗುಳು ಬಾಯಿಗೆ ಹಾಕಿಕೊಂಡೆ. ನಮ್ಮ ಸೋನಾ ಮಸೂರಿ ಅಲ್ಲ ಅಂತ ನಾಲಿಗೆಗೆ ತಿಳಿಯಿತು. "ಮಾಮಾ, ಇಲ್ಲೂ ಯಾಪಾರಾ?" ಎಂದು ಲೀಲಾ ನಕ್ಕಳು.

ಎಂಜಿನ್ ಕೋಣೆಯ ಬಾಗಿಲು ತೆರೆದಾಗ ಮಾತ್ರ ನನ್ನ ನಗು ನಿಂತಿತು. ಕಿವಿಗೆ ಮುಚ್ಚಳ ಹಾಕಿಕೊಂಡರೂ ಸದ್ದು ಎದೆಯೊಳಗೆ ಹೊಕ್ಕಿತು. ಒಂದೊಂದು ಎಂಜಿನ್ನೂ ನಮ್ಮ ಗೋದಾಮಿನಷ್ಟು. ಅದರ ಮೈಮೇಲೆ ಕಬ್ಬಿಣದ ಮೆಟ್ಟಿಲು, ಮೆಟ್ಟಿಲ ಮೇಲೆ ಎಣ್ಣೆ ಬಟ್ಟೆ ಹಿಡಿದು ಹತ್ತಿ ಇಳಿಯುವ ಜನ. ನನ್ನ ಗಿರಣಿಯ ಮೋಟರನ್ನು ದೊಡ್ಡದು ಅಂತ ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ನಾಚಿಕೆಯಾಯಿತು. ಈ ಜನ ಸಮುದ್ರವನ್ನೇ ನೋಡದೆ ಸಮುದ್ರ ದಾಟುತ್ತಾರೆ ಎಂದು ಲೀಲಾ ಕಿವಿಯಲ್ಲಿ ಕೂಗಿ ಹೇಳಿದಳು. ಮಲಗುವುದೂ ನೀರಿನ ಮಟ್ಟಕ್ಕಿಂತ ಕೆಳಗೆ. ಆ ಮಾತು ಹೇಳಬಾರದಿತ್ತು. ಅತ್ತೆ ಗೋಡೆಯ ಮೇಲೆ ಕೈ ಇಟ್ಟು, ಅದರ ಆಚೆ ಏನಿದೆ ಎಂದು ಕೇಳಿ, ಉತ್ತರ ಬರುವ ಮೊದಲೇ "ಸಾಕು, ಮ್ಯಾಲ ನಡಿ" ಎಂದರು.

ಹೊರಡುವ ಮೊದಲು ಎಲ್ಲ ಪ್ರಯಾಣಿಕರನ್ನೂ ಒಂದು ಕಡೆ ಕೂಡಿಸಿ, ತೇಲುವ ಜಾಕೀಟು ತೊಡುವುದನ್ನು ತೋರಿಸಿದರು. ನೀರಿಗೆ ಯಾವ ಕಸವನ್ನೂ ಒಗೆಯಕೂಡದು ಎಂದು ಹಿಂದಿಯಲ್ಲಿ ಎರಡೆರಡು ಸಲ ಹೇಳಿದರು. ಅತ್ತೆಗೆ ಹಿಂದಿ ಅಷ್ಟಿಷ್ಟು ತಿಳಿಯುತ್ತದೆ. ತಲೆಯಾಡಿಸಿದರು. ಆಮೇಲೆ ಹಡಗು ದಂಡೆ ಬಿಟ್ಟಿತು. ತೋಳಿಗಿಂತ ದಪ್ಪದ ಹಗ್ಗವನ್ನು ಲೀಲಾ ಮತ್ತು ಮೂವರು ಗಂಡಸರು ಯಂತ್ರಕ್ಕೆ ಸುತ್ತಿಸಿ ಎಳೆದುಕೊಳ್ಳುತ್ತಿದ್ದರು. ಅಷ್ಟು ದೊಡ್ಡದು ಒಂದಿಷ್ಟೂ ಕುಲುಕದೆ ಜಾರಿ ಹೋಯಿತು. ಮುಂಬೈ ಸಣ್ಣದಾಗುತ್ತ ಬಂದು ಹೊಗೆಯ ಗೆರೆಯಾಯಿತು. ಸುತ್ತ ನೀರು, ಬರೀ ನೀರು. ನಾನು ಕಂಬಿಗೆ ಒರಗಿ ನೋಡಿದ್ದೇ ನೋಡಿದೆ. ಅತ್ತೆ ಮಾತ್ರ ನೀರಿಗೆ ಬೆನ್ನು ಮಾಡಿ ಕೂತು, "ಛಂದ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಅಕಿ ನಾಳಿ ನನ್ನ ಕೂಡ ಇಳೀತಾಳ" ಎಂದರು. ಪಕ್ಕದಲ್ಲಿದ್ದ ಲೀಲಾ ಹೆಲ್ಮೆಟ್ ಸರಿಮಾಡಿಕೊಂಡು ಕೆಲಸಕ್ಕೆ ಹೋದಳು.

ನಸುಕಿನಲ್ಲಿ ಹಡಗು ಕೂಗಿತು. ಒಂದಲ್ಲ, ಮೂರು ಸಲ, ಉದ್ದಕ್ಕೆ. ಎದ್ದು ನೋಡಿದರೆ ಎದುರಿನ ಹಾಸಿಗೆ ಖಾಲಿ. ಅತ್ತೆಯ ಚಪ್ಪಲಿ ಇಲ್ಲ, ನನ್ನ ಕೈಗೆ ಕೊಡದ ಆ ಚೀಲವೂ ಇಲ್ಲ. ಗೋಡೆಯೊಳಗಿನ ಸ್ಪೀಕರಿನಲ್ಲಿ ಇಂಗ್ಲಿಷು, ಹಿಂದಿ ಎರಡರಲ್ಲೂ ಒಂದೇ ಮಾತು: ಯಾರೋ ನೀರಿಗೆ ಬಿದ್ದಿದ್ದಾರೆ, ಎಲ್ಲರೂ ನಿನ್ನೆ ತೋರಿಸಿದ ಜಾಗಕ್ಕೆ ಬನ್ನಿ. ಬರಿಗಾಲಿನಲ್ಲಿ ಮೇಲಕ್ಕೆ ಓಡಿದೆ.

ಹೊರಗೆ ಆಗಲೇ ಬಣ್ಣ ಕಾಣುವಷ್ಟು ಬೆಳಕು ಹರಿದಿತ್ತು. ನೆಲ ಒಂದು ಪಕ್ಕಕ್ಕೆ ವಾಲಿತ್ತು. ಅಷ್ಟು ದೊಡ್ಡ ಹಡಗು ಹೋಗುತ್ತಿದ್ದ ದಾರಿಯನ್ನು ಬಿಟ್ಟು ಹಿಂದಕ್ಕೆ ತಿರುಗುತ್ತಿತ್ತು. ಕಂಬಿ ಹಿಡಿದುಕೊಂಡು ಮೇಲೆ ನೋಡಿದೆ. ಚುಕ್ಕಾಣಿ ಕೋಣೆಯ ಪಕ್ಕದಲ್ಲಿ ನೀರಿನ ಮೇಲಕ್ಕೆ ಚಾಚಿದ ಕಟ್ಟೆಯೊಂದಿದೆ. ಅಲ್ಲಿ ಕಾವಲಿನ ಸರದಿಯಲ್ಲಿದ್ದ ಲೀಲಾ ನಿಂತಿದ್ದಳು. ಬಲಗೈಯನ್ನು ನೇರ ಚಾಚಿ ನೀರಿನ ಕಡೆ ತೋರಿಸುತ್ತಿದ್ದಳು. ಹಡಗು ತಿರುಗಿದ ಹಾಗೆ ಅವಳ ಮೈ ತಿರುಗುತ್ತಿತ್ತು, ಬೆರಳು ಮಾತ್ರ ಒಂದೇ ಕಡೆ. ಪಕ್ಕದಲ್ಲಿದ್ದ ಸಾಹೇಬರು ಅವಳ ಬೆರಳನ್ನು ನೋಡಿ ಒಳಗೆ ಕೂಗುತ್ತಿದ್ದರು, ಒಳಗಿನವರು ಆ ಕಡೆಗೆ ಹಡಗನ್ನು ಹೊರಳಿಸುತ್ತಿದ್ದರು. ನಾನೂ ಆ ಬೆರಳಿನ ದಿಕ್ಕಿಗೆ ನೋಡಿದೆ. ಬಿದ್ದವರು ಹಿಡಿದುಕೊಳ್ಳಲೆಂದು ಹಡಗಿನವರು ಎಸೆದಿದ್ದ ತೇಲುವ ಟ್ಯೂಬಿನಿಂದ ಗುರುತಿಗಾಗಿ ಕಿತ್ತಳೆ ಹೊಗೆ ಏಳುತ್ತಿತ್ತು. ಅದರ ಆಚೆ ಅಲೆಯ ನಡುವೆ ಹಸಿರು ಸೀರೆ ಹರಡಿಕೊಂಡಿತ್ತು, ಕೆಂಪು ದಡಿ. ಅದರ ನಡುವೆ ದುಂಡನೆಯ ಕಪ್ಪು ತಲೆ ಮುಳುಗಿ ಏಳುತ್ತಿತ್ತು.

"ಅತ್ತೀ!" ಎಂದು ಕಿರುಚಿದೆ. ಯಾರೋ ನನ್ನ ರಟ್ಟೆ ಹಿಡಿದು ಎಲ್ಲರೂ ಸೇರಿದ್ದ ಕಡೆ ಎಳೆದೊಯ್ದರು. ಅಲ್ಲಿ ಒಂದೊಂದೇ ಕೋಣೆಯವರ ಹೆಸರು ಕೂಗಿ ಎಣಿಸುತ್ತಿದ್ದರು. ನಮ್ಮ ಕೋಣೆಯಲ್ಲಿ ಒಬ್ಬರು ಇಲ್ಲ ಎಂದೆ. ಹಾಗೆಂದ ಕೂಡಲೇ ಸುತ್ತಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಗುರುತು ಪರಿಚಯ ಇಲ್ಲದ ಹೆಂಗಸೊಬ್ಬಳು ನನ್ನ ಕೈ ಹಿಡಿದುಕೊಂಡು ಮರಾಠಿಯಲ್ಲಿ ದೇವರನ್ನು ನೆನೆಯತೊಡಗಿದಳು. ಕೆಳಗೆ ಸಣ್ಣ ದೋಣಿಯನ್ನು ಇಳಿಸಿ ನಾಲ್ಕು ಜನ ಅಲೆಯ ಮೇಲೆ ಎಗರುತ್ತ ಹೋಗುತ್ತಿದ್ದರು. ರಾಯಚೂರಿನಲ್ಲಿ ಅತ್ತೆಯ ಮಗ ಸೊಸೆಗೆ ಏನಂತ ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿ.

ಆಗ ಒಬ್ಬ ಬಂಗಾಳಿ ನಾವಿಕ ಅತ್ತೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಂದ. ಜೀವಂತ, ಮೈಮೇಲೆ ಒಂದು ಹನಿ ನೀರಿಲ್ಲದೆ, ಬಿಳಿಚಿಕೊಂಡ ಮುಖ. ಪಕ್ಕದ ಡೆಕ್ಕಿನಲ್ಲಿ ಒಂದು ದೊಡ್ಡ ಪೀಪಾಯಿಯ ಸಂದಿಯಲ್ಲಿ ಹೆದರಿ ಕೂತಿದ್ದರಂತೆ. ಪಾಪ, ಆ ಬಂಗಾಳದ ಹುಡುಗನಿಗೆ ಕನ್ನಡದಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಬಾಯಿ ಬಿಟ್ಟು ಅತ್ತರು. "ಅಮರೇಶಾ, ಹೇಳಲೇ ಇವರಿಗೆ! ಮನುಷ್ಯಾರಲ್ಲ ಅದು. ನಾನಾ ಉಡಿ ಹಾಕೀನಿ. ಗಂಟು ಬಿಚ್ಚಿ ಸೀರಿ ಹರವಿಕೊಂತು. ತಲಿ ಅಲ್ಲಲೇ, ತೆಂಗಿನಕಾಯಿ!"

ನಾನು ಹಿಂದಿಯಲ್ಲಿ ಕೂಗಿದೆ. ಅಲ್ಲಿದ್ದ ಅಧಿಕಾರಿ ಕೈಲಿದ್ದ ಯಂತ್ರದಲ್ಲಿ ಮೇಲಕ್ಕೆ ಸುದ್ದಿ ಹೇಳಿದ. ಆದರೂ ಹಡಗು ನಿಂತೇ ಇತ್ತು, ಎಣಿಕೆ ನಿಲ್ಲಲಿಲ್ಲ. ಬರೀ ಬಾಯಿಮಾತು ನಂಬಿ ಹೊರಡುವ ಪದ್ಧತಿ ಇಲ್ಲ. ಎಲ್ಲರೂ ಸಿಕ್ಕಬೇಕು, ನೀರಿನಲ್ಲಿದ್ದದ್ದು ಕೈಗೆ ಬರಬೇಕು. ದೋಣಿಯವರು ಸೀರೆಯನ್ನು ಎಳೆದು ಹಾಕಿಕೊಂಡು, ಅದರೊಳಗಿನಿಂದ ಜುಟ್ಟು ಬಿಟ್ಟ ತೆಂಗಿನಕಾಯಿ ಎತ್ತಿ ತೋರಿಸಿದರು. ಯಾರೋ ನಕ್ಕರು. ಅತ್ತೆ ನಗುವವರನ್ನು ನೋಡಲಿಲ್ಲ. ಅವರು ಮೇಲೆ ನೋಡುತ್ತಿದ್ದರು. ಲೀಲಾಳ ಕೈ ಇನ್ನೂ ಚಾಚಿಯೇ ಇತ್ತು. ಸಾಹೇಬರು ಏನೋ ಹೇಳಿದರು, ಅವಳಿಗೆ ಕೇಳಿಸಲಿಲ್ಲ. ಅವರೇ ಅವಳ ತೋಳು ಹಿಡಿದು ಮೆಲ್ಲಗೆ ಇಳಿಸಿದರು. ಹುಡುಗಿ ಅಲ್ಲೇ ಕುಕ್ಕರಿಸಿ ಕೂತುಬಿಟ್ಟಳು.

ಸ್ವಲ್ಪ ಹೊತ್ತಿನಲ್ಲಿ ಕ್ಯಾಪ್ಟನ್ನರ ಕೋಣೆಗೆ ಕರೆ ಬಂತು. ಅವರು ಉಡುಪಿ ಕಡೆಯವರು. ಮೇಜಿನ ಮೇಲೆ ಉಪ್ಪುನೀರು ಸೋರುವ ಸೀರೆ. ಅತ್ತೆ ಕೂರಲಿಲ್ಲ. "ತಪ್ಪು ನಂದು ಯಪ್ಪಾ. ಏನು ದಂಡ ಹಾಕ್ತೀರಿ ನನಗ ಹಾಕ್ರಿ. ಆ ಹುಡುಗೀಗಿ ಏನೂ ಅನಬ್ಯಾಡ್ರಿ" ಎಂದು ಕೈಮುಗಿದರು.

"ಅವಳಿಗೆ ಎಂತಕ್ಕೆ ಹೇಳುದು? ಅವಳು ಮಾಡಬೇಕಾದ್ದು ಮಾಡಿದ್ದಾಳೆ. ನಾನು ಕೇಳುದು ನಿಮ್ಮನ್ನು ಅಜ್ಜಿ. ಸಮುದ್ರಕ್ಕೆ ಎಂತದೂ ಬಿಸಾಡ್ಲಿಕ್ಕಿಲ್ಲ ಅಂತ ಹೇಳಿದ್ದರಲ್ಲ ನಿನ್ನೆ?" ಎಂದರು ಕ್ಯಾಪ್ಟನ್.

"ಕಸ ಒಗೀಬ್ಯಾಡ್ರಿ ಅಂದಿದ್ರಿ. ಉಡಿ ಕಸ ಹೆಂಗಾಗ್ತದ?"

ಕ್ಯಾಪ್ಟನ್ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಚೆನ್ನಾಗಿಯೇ ಬೈದರು. ದೋಣಿಯಲ್ಲಿ ಇಳಿದ ನಾಲ್ಕು ಜನರಿಗೂ ಮನೆ ಮಕ್ಕಳು ಇದ್ದಾರೆ, ಅಲೆಯಲ್ಲಿ ದೋಣಿ ಇಳಿಸುವುದು ಆಟವಲ್ಲ ಎಂದರು. ಅತ್ತೆ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಬೈಗುಳ ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ಒಬ್ಬರು ಬಿದ್ರ ಇಷ್ಟು ದೊಡ್ಡ ಹಡಗ ತಿರುಗಿಸ್ತೀರೇನ್ರೀ? ಇಷ್ಟು ಮಂದೀನ ಹೊತ್ತಕೊಂಡು?"

"ತಿರುಗಿಸದೆ ಮತ್ತೆ? ಬಿಟ್ಟು ಹೋಗ್ಲಿಕ್ಕೆ ಆಗ್ತದಾ?"

ಅತ್ತೆ ಕುರ್ಚಿ ಹಿಡಿದು ಕೂತರು. "ನಮ್ಮ ಮನ್ಯಾರು ಬಿದ್ದಾಗ ಹರಗೋಲು ತಿರುಗಲಿಲ್ಲರೀ. ತಿರುಗಿಸಿದ್ರ ಉಳಿದವರೂ ಹೋಗ್ತಿದ್ರು, ಅಂಬಿಗಂದೇನೂ ತಪ್ಪಿಲ್ಲ. ದಂಡಿಗಿ ಬಂದ ಮ್ಯಾಲ ಎಲ್ಲಿ ಬಿದ್ರು ಅಂತ ಕೇಳಿದ್ವಿ. ಒಬ್ಬಾಂವ ಅಲ್ಲಿ ಅಂದ, ಒಬ್ಬಾಂವ ಇಲ್ಲಿ ಅಂದ. ಯಾರೂ ನೋಡಿದ್ದಿಲ್ಲ. ಹೆಣಾನೂ ಸಿಗಲಿಲ್ಲ ನನಗ." ಸೀರೆಯ ಮೇಲೆ ಕೈ ಇಟ್ಟರು. "ಇದು ನನ್ನ ಲಗ್ನದ ಸೀರಿ. ಊರಾಗ ಮುಂಡೇರು ಉಡಿ ತುಂಬಬಾರದು ಅಂತಾರ. ಇಲ್ಲಿ ಯಾರು ಕೇಳ್ತಾರ ಅಂತ ತಂದಿದ್ದೆ. ಗಂಗವ್ವಾ, ಒಬ್ಬರನ್ನ ತಗೊಂಡೀದಿ, ಈ ಹುಡುಗೀನ ನನಗ ಬಿಟ್ಟುಕೊಡು ಅಂತ ಬೇಡಿಕೊಂಡು ಹಾಕಿದೆ."

ಕ್ಯಾಪ್ಟನ್ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅವರೇ ಚಹಾ ತರಿಸಿದರು.

ಗೋವಾ ಬಂದಾಗ ಬಿಸಿಲು ಏರಿತ್ತು. ಹಗ್ಗ ಬಿಗಿದಾಯಿತು, ಪ್ರಯಾಣಿಕರು ಇಳಿದರು. ನಮ್ಮ ದಾರಿ ಮುಂದೆ ಹುಬ್ಬಳ್ಳಿಗೆ, ಅಲ್ಲಿಂದ ಸಿಂಧನೂರಿನ ಮೇಲೆ ಮಾನ್ವಿಗೆ ಬಸ್ಸು. ಬಂದರಿನ ಕಟ್ಟೆಯ ಮೇಲೆ ಲೀಲಾಳಿಗಾಗಿ ಕಾಯುತ್ತಿದ್ದೆವು. ಲೀಲಾ ಬಂದಳು. ಡಾಂಗ್ರಿ ಕಳಚಿ ಚೂಡಿದಾರ ತೊಟ್ಟಿದ್ದಳು, ಹೆಗಲಿಗೆ ತುಂಬಿದ ಚೀಲ. ಕಣ್ಣು ಕೆಂಪಗಿದ್ದವು. "ಹೋಗೂಣ ಯವ್ವಾ" ಎಂದಳು. ಮಾತು ಕೊಟ್ಟದ್ದನ್ನು ತಪ್ಪುವ ಮನೆತನವಲ್ಲ ಅದು. ನಡುವೆ ಬಾಯಿ ಹಾಕಲು ನಾನು ಯಾರು?

ಅತ್ತೆ ಅಲುಗಾಡಲಿಲ್ಲ. "ಅದು ನನ್ನ ಸೀರಿ ಅಂತ ನಿನಗ ಗೊತ್ತಾಗಿತ್ತೇನು?" ಎಂದು ಕೇಳಿದರು.

"ದಡಿ ಕಂಡಕೂಡ್ಲೇ ಗೊತ್ತಾತು. ಸಣ್ಣಾಕಿದ್ದಾಗ ಅದನ್ನ ಹೊದ್ದುಕೊಂಡ ಮಲಗಿದಾಕಿ ನಾನು."

"ಅಂದ್ರ ನಾನಾ ಬಿದ್ದೀನಿ ಅಂತ ತಿಳಕೊಂಡಿದ್ದಿ."

"ಹೂಂ."

"ತಿಳದೂ ಓಡಿ ಬರಲಿಲ್ಲ?"

ಲೀಲಾ ಹೆಗಲಿನ ಚೀಲದ ಪಟ್ಟಿ ಬಿಗಿಹಿಡಿದಳು. "ನೋಡಿದಾಕಿ ನಾನೊಬ್ಬಾಕಿನ ಯವ್ವಾ. ಒಂದು ಸಲ ಕಣ್ಣು ತಗದಿದ್ರ ನೀ ಎಲ್ಲಿದ್ದೀ ಅಂತ ಯಾರಿಗೂ ಗೊತ್ತಾಗ್ತಿದ್ದಿಲ್ಲ. ಓಡಿ ಬರಬೇಕು ಅಂತ ಜೀವ ಹೊಡಕೊಳ್ಳಾಕತ್ತಿತ್ತು. ಕೈ ಇಳಸಲಿಲ್ಲ."

ಅತ್ತೆ ಮುಂದೆ ಬಂದು ಅವಳ ಬಲಗೈ ಹಿಡಿದು, ಮೊಣಕೈಯಿಂದ ಬೆರಳಿನ ತುದಿಯ ತನಕ ತಮ್ಮ ಸೆರಗಿನಿಂದ ಒರೆಸಿದರು. ಅವಳ ಹೆಗಲಿನಿಂದ ಚೀಲ ಕಳಚಿ, ಹಡಗಿನ ಏಣಿಯ ಬುಡದಲ್ಲಿ ನಿಂತಿದ್ದ ಆ ಬಂಗಾಳದ ಹುಡುಗನ ಕೈಗೆ ಕೊಟ್ಟರು. ಅವನು ಏನೂ ತಿಳಿಯದೆ ಚೀಲ ಹಿಡಿದುಕೊಂಡು ನಿಂತ.

"ಹೋಗವ್ವ," ಎಂದರು ಅತ್ತೆ. "ಕೆಲಸಕ್ಕ ಹೊತ್ತಾತು."